ಮುಂದಿನ ಹಲ್ಲಿಗೆ ಜಿರ್ಕೋನಿಯಾ ಬ್ರಿಜ್: ಹರಾಜು ಕೂಗುವವನ ರಿವ್ಯೂ

ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ಕೂಗೋದು ನನ್ನ ಕೆಲಸ. ಬಾಯೇ ಬಂಡವಾಳ. ಲೋಡು ಇಳಿಸುವಾಗ ಕ್ರೇಟಿನ ಅಂಚು ಬಡಿದು ಮೇಲಿನ ಮುಂದಿನ ಹಲ್ಲು ಬುಡಕ್ಕೇ ಮುರಿಯಿತು. ಬೇರು ಸೀಳಿದ್ದರಿಂದ ಕೀಳಿಸಲೇಬೇಕಾಯಿತು. ಆ ಜಾಗಕ್ಕೆ ಹಾಕಿಸಿದ ಜಿರ್ಕೋನಿಯಾ (ಹಲ್ಲಿನ ಬಣ್ಣದ ಗಟ್ಟಿ ಪಿಂಗಾಣಿ) ಬ್ರಿಜ್‌ಗೆ ಈಗ ವರ್ಷ ದಾಟಿದೆ.

ಮುಂದಿನ ಹಲ್ಲು ಹೋದರೆ ಮುಖ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು. ಮಾತು ಎಷ್ಟು ಕೆಡುತ್ತೆ ಅನ್ನೋದು ಸಾವಿರ ಬಾಕ್ಸ್ ಮುಂದೆ ನಿಂತು ಕೂಗಿದವನಿಗೇ ಗೊತ್ತು. ‘ಸಾವಿರ’ ಅಂದರೆ ಸೀಟಿ ಹೊಡೆದ ಹಾಗೆ ಕೇಳೋದು. ‘ಇಪ್ಪತ್ತು’, ‘ಮೂವತ್ತು’ ಅನ್ನುವಾಗ ನಾಲಿಗೆ ತಾಗಲು ಅಲ್ಲಿ ಹಲ್ಲೇ ಇಲ್ಲ. ಆಂಧ್ರದ ವ್ಯಾಪಾರಿಗಳು ‘ಎಂತ? ಎಂತ?’ ಅಂತ ಎರಡೆರಡು ಸಲ ಕೇಳುತ್ತಿದ್ದರು.

ಗಾಯ ಮಾಗುವ ತನಕ ಅಂತ, ಬೇಕಾದಾಗ ತೆಗೆದು ಮತ್ತೆ ಹಾಕಿಕೊಳ್ಳುವ, ಹಲ್ಲು ಕೂರಿಸಿದ ಅಕ್ರಿಲಿಕ್ (ಪ್ಲಾಸ್ಟಿಕ್) ಪ್ಲೇಟ್ ಕೊಟ್ಟರು. ಅದಕ್ಕೆ ಎರಡೇ ಸ್ಟಾರ್. ಅಂಗುಳಿಗೆ ಅಂಟಿಕೊಂಡು ಬಾಯಲ್ಲಿ ಜೊಲ್ಲು ತುಂಬುತ್ತೆ, ಜೋರಾಗಿ ಕೂಗಿದರೆ ಸಡಿಲವಾಗುತ್ತೆ. ಒಂದು ಸಲ ನೇರ ಟೊಮೆಟೊ ಬಾಕ್ಸಿನೊಳಗೇ ಬಿತ್ತು. ಮದುವೆ ಫೋಟೋಗೆ ಸಾಕು, ಮಂಡಿಗೆ ಆಗಿಬರಲ್ಲ.

ಬ್ರಿಜ್ ಅಂದರೆ ಖಾಲಿ ಜಾಗದ ಎರಡೂ ಪಕ್ಕದ ಹಲ್ಲು ಅರೆದು, ಅವಕ್ಕೆ ಕ್ಯಾಪ್ ಹಾಕಿ, ನಡುವೆ ಹೊಸ ಹಲ್ಲು ಕೂರಿಸೋದು. ಗಟ್ಟಿಮುಟ್ಟಾದ ಎರಡು ಹಲ್ಲು ಸುಮ್ನೆ ಅರೆಸಿಕೊಳ್ಳಬೇಕಲ್ಲ, ಅದು ಇವತ್ತಿಗೂ ನನಗೆ ಬೇಸರವೇ. ಇಂಪ್ಲಾಂಟ್ (ಮೂಳೆಗೆ ಸ್ಕ್ರೂ ಹಾಕಿ ಅದರ ಮೇಲೆ ಹಲ್ಲು ಕೂರಿಸೋದು) ಆದರೆ ಪಕ್ಕದ ಹಲ್ಲು ಮುಟ್ಟಲ್ಲ. ಆದರೆ ಕ್ರೇಟಿನ ಏಟಿಗೆ ಹಲ್ಲಿನ ಬುಡದ ಮೂಳೆಯೂ ಒಡೆದಿತ್ತು. ಮೊದಲು ಮೂಳೆ ತುಂಬಿಸಬೇಕು, ಆಮೇಲೆ ಟೈಟಾನಿಯಂ ಸ್ಕ್ರೂ, ಅದು ಮೂಳೆಗೆ ಬೆಸೆದುಕೊಳ್ಳಲು ಮತ್ತೆ ತಿಂಗಳುಗಟ್ಟಲೆ. ಅಷ್ಟು ದಿನ ಪ್ಲೇಟ್ ಹಾಕಿಕೊಂಡು ಕೂಗೋದು ನನ್ನ ಕೈಲಾಗದ ಮಾತು.

ನನಗೆ ಜಾಸ್ತಿ ಇಷ್ಟವಾಗಿದ್ದು ಬಣ್ಣ ಹೊಂದಿಸಿದ ರೀತಿ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಹುಟ್ಟಿದಾಗಿಂದ ಅದನ್ನೇ ಕುಡಿದು ಬೆಳೆದವರ ಹಲ್ಲಲ್ಲಿ ಕಂದು ಪಟ್ಟೆ, ನನ್ನದೂ ಹಾಗೇ. ಅಲ್ಲಿ ಹಾಲುಬಿಳಿ ಹಲ್ಲು ಕೂರಿಸಿದರೆ ನಗೆಪಾಟಲು. ಡಾಕ್ಟರಮ್ಮ ದೀಪ ಆರಿಸಿ, ಕಿಟಕಿ ಹತ್ತಿರ ನಿಲ್ಲಿಸಿ, ಬಣ್ಣದ ಹಲ್ಲುಗಳ ಪಟ್ಟಿಯನ್ನು ತುಟಿ ಹತ್ತಿರ ಹಿಡಿದು ನೋಡಿದರು. ಎ2 ಬೇಡ, ಅದಕ್ಕಿಂತ ಸ್ವಲ್ಪ ಗಾಢ ಬಣ್ಣದ ಎ3 ಇರಲಿ ಅಂದರು. ಫೋಟೋ ತೆಗೆದು ಲ್ಯಾಬಿಗೆ ಕಳಿಸಿದರು. ಬ್ರಿಜ್ ಬಂದಾಗ ಅದರ ಮೇಲೂ ತೆಳುವಾಗಿ ಒಂದು ಕಂದು ಗೆರೆ ಎಳೆದಿತ್ತು! ನನ್ನ ಹೆಂಡತಿಗೇ ಯಾವುದು ಹೊಸದು ಅಂತ ತಕ್ಷಣ ಗೊತ್ತಾಗಲಿಲ್ಲ.

ಖರ್ಚು 24,000 ರೂಪಾಯಿ. 2023ರ ಜುಲೈನಲ್ಲಿ ಹದಿನೈದು ಕೆಜಿ ಬಾಕ್ಸ್ 2,000 ದಾಟಿತ್ತಲ್ಲ, ಆ ಲೆಕ್ಕದಲ್ಲಿ ಹನ್ನೆರಡು ಬಾಕ್ಸ್. ಇವತ್ತಿನ ರೇಟಲ್ಲಿ ಎಷ್ಟು ಅಂತ ಮಾತ್ರ ಕೇಳಬೇಡಿ. ಇನ್ನೊಂದು ರಗಳೆ ಅಂದರೆ ಮೂರೂ ಹಲ್ಲು ಒಂದಕ್ಕೊಂದು ಸೇರಿರೋದರಿಂದ, ಹಲ್ಲಿನ ಸಂದಿ ಉಜ್ಜುವ ಮಾಮೂಲಿ ದಾರ (ಫ್ಲಾಸ್) ನಡುವೆ ತೂರಲ್ಲ. ತುದಿ ಗಟ್ಟಿಯಿರುವ ಬೇರೆ ಥರದ ಫ್ಲಾಸನ್ನು ಬ್ರಿಜ್‌ಗೂ ವಸಡಿಗೂ ನಡುವೆ ತೂರಿಸಿ ದಿನಾ ಉಜ್ಜಬೇಕು. ಬಿಟ್ಟರೆ ಒಳಗಿನ ಹಲ್ಲು ಹುಳುಕಾಗುತ್ತೆ.

ಈ ಓಡಾಟದಲ್ಲಿ ತೆಗೆದ ದೊಡ್ಡ ಎಕ್ಸ್‌ರೇಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಕೆಳಗಿನ ಎಡ ದವಡೆ ಹಲ್ಲನ್ನು ಹಿಂದೆ ಬೇರೆ ಕಡೆ ಕೀಳಿಸಿದ್ದೆ. ಕಿತ್ತವರು ಆ ಜಾಗ ಖಾಲಿ ಬಿಡಬೇಡಿ ಅಂತ ಒಂದು ಮಾತೂ ಹೇಳಲಿಲ್ಲ. ನಮ್ಮಲ್ಲಿ ಅದು ಗಮನಕ್ಕೂ ಬರಲ್ಲ. ಮುದ್ದೆ ನುಂಗೋದು ತಾನೇ, ಅಗಿಯೋರು ಯಾರು? ಮಟನ್ ದಿನ ಬಲಗಡೆ ಅಗಿದರಾಯಿತು. ಎಕ್ಸ್‌ರೇಯಲ್ಲಿ ನೋಡಿದರೆ ಹಿಂದಿನ ಹಲ್ಲು ಖಾಲಿ ಜಾಗಕ್ಕೆ ವಾಲಿದೆ. ಎದುರಿಗೆ ತಡೆಯೋರಿಲ್ಲ ಅಂತ ಮೇಲಿನ ಹಲ್ಲು ಕೆಳಗೆ ಇಳಿದಿದೆ. ಬೇರಿಲ್ಲದ ಕಡೆ ಮೂಳೆ ತಗ್ಗಾಗಿದೆ. ವಾಲಿದ ಸಂದಿಯಲ್ಲಿ ಊಟ ಸಿಕ್ಕಿ ವಸಡು ಊದಿದೆ. ಮುಂದಿನ ಹಲ್ಲಿಗೆ ಎಲ್ಲರೂ ಓಡುತ್ತೇವೆ, ಕಾಣದ ಜಾಗದಲ್ಲೇ ನಷ್ಟ ಜಾಸ್ತಿ ಆಗಿರುತ್ತೆ.

ಮುಂದಿನ ಹಲ್ಲಿನ ಬ್ರಿಜ್‌ಗೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಅರೆದ ಹಲ್ಲುಗಳಿಗೆ. ದವಡೆಗೆ ಇಂಪ್ಲಾಂಟ್ ಅಂತ ತೀರ್ಮಾನವಾಗಿದೆ. ಅದಕ್ಕೂ ಮೊದಲು ಇಳಿದಿರುವ ಮೇಲಿನ ಹಲ್ಲಿನ ಉದ್ದ ಸ್ವಲ್ಪ ಕಮ್ಮಿ ಮಾಡಬೇಕಂತೆ. ಸೀಸನ್ ರಶ್ ಇಳಿದ ಮೇಲೆ ಹಾಕಿಸಿಕೊಂಡು ಅದರದ್ದೂ ರಿವ್ಯೂ ಬರೆಯುತ್ತೇನೆ.