ಹಾಸನದ ಭಾನುವಾರದ ಕಥೆ ಕ್ಲಾಸು: ಹೋಗಬಹುದು, ನೋಟ್ಸ್ ಮಾತ್ರ ನಂಬಬೇಡಿ

2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಮೇಲೆ ನನ್ನಂಥ ಸೋಮಾರಿಗೂ ಕಥೆ ಬರೆಯುವ ಆಸೆ ಹತ್ತಿತು. ಅದೇ ಹುಮ್ಮಸ್ಸಿನಲ್ಲಿ ಈ ಕ್ಲಾಸಿಗೆ ಸೇರಿದೆ. ಆರು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದರವರೆಗೆ, ಫೀಸು 1,200 ರೂಪಾಯಿ. ಒಂದು ಮನೆಯ ಮಹಡಿ ಮೇಲೆ ನಡೆಯುತ್ತದೆ. ಹೆಸರು ಹಾಕುವುದಿಲ್ಲ, ಸ್ವಲ್ಪ ಬೈಯುವುದೂ ಇದೆ.

ಬೈಗುಳ ಮೊದಲು ಮುಗಿಸುತ್ತೇನೆ. ಸೇರಿದ ದಿನವೇ ಇಪ್ಪತ್ತು ಪುಟದ ಜೆರಾಕ್ಸ್ ನೋಟ್ಸ್ ಕೊಟ್ಟರು. ಯಾವುದೋ ಇಂಗ್ಲಿಷ್ ಗೈಡನ್ನು ಪದಕ್ಕೆ ಪದ ಇಳಿಸಿದ್ದಾರೆ ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ‘ನಾನು’ ಅಂತ ಹೇಳುವ ಕಥೆಗೆ ‘ಪ್ರಥಮ ಪುರುಷ ನಿರೂಪಣೆ’ ಅಂತ ಬರೆದಿದ್ದಾರೆ! ನಮ್ಮ ವ್ಯಾಕರಣದಲ್ಲಿ ನಾನು ಅಂದರೆ ಉತ್ತಮ ಪುರುಷ, ನೀನು ಮಧ್ಯಮ ಪುರುಷ, ಅವನು ಅವಳು ಪ್ರಥಮ ಪುರುಷ. ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದು ಅಲ್ವಾ? ಇದನ್ನು ನಂಬಿ ಪರೀಕ್ಷೆಯಲ್ಲಿ ಬರೆದವರ ಗತಿ ಏನು? ಕಥಾವಸ್ತು, ಕಥಾಹಂದರ ಎರಡನ್ನೂ ಒಂದೇ ಅಂತ ಬೇರೆ ಹಾಕಿದ್ದಾರೆ. ಕಥೆ ಯಾವುದರ ಬಗ್ಗೆ ಅನ್ನೋದು ವಸ್ತು, ಘಟನೆಗಳನ್ನು ಹೇಗೆ ಹೆಣೆದಿದ್ದಾರೆ ಅನ್ನೋದು ಹಂದರ.

ಪಾಠ ಮಾಡುವ ಮೇಷ್ಟ್ರು ಮಾತ್ರ ಬೇರೆಯೇ. ನಿವೃತ್ತರು, ಆ ನೋಟ್ಸ್ ಅವರದ್ದಲ್ಲ. ತಪ್ಪು ತೋರಿಸಿದರೆ ಸಿಟ್ಟಾಗಲಿಲ್ಲ, ಎಲ್ಲರ ಕೈಯಲ್ಲೂ ಪೆನ್ನಿನಿಂದ ತಿದ್ದಿಸಿದರು. ‘ಸರ್ವಜ್ಞ ನಿರೂಪಕ’ ಬಂದಾಗ ಹಿಂದಿನ ಬೆಂಚಿನ ಹುಡುಗ, “ತ್ರಿಪದಿ ಬರೆದೋರಾ ಸಾರ್?” ಅಂದ. “ಅಲ್ಲಪ್ಪ, ಎಲ್ಲರ ಮನಸ್ಸಿನೊಳಗೂ ಇಣುಕೋನು,” ಅಂದರು. ಆಮೇಲೆ ಯಾರಿಗೂ ಅದು ಮರೆಯಲಿಲ್ಲ.

ಮೂರನೇ ಭಾನುವಾರ ವಾಕ್ಯಗಳ ಪಾಠ. ಕೊಟ್ಟ ದುಡ್ಡು ವಸೂಲಾಗಿದ್ದು ಅವತ್ತು. ಬೋರ್ಡಿನ ಮೇಲೆ ಹೀಗೆ ಬರೆದರು: “ಅಜ್ಜಿ ಎದ್ದು, ಒಲೆ ಹಚ್ಚಿ, ಎರಡು ಲೋಟ ಕಾಫಿ ಕಾಸಿ, ಒಂದು ಲೋಟ ಕುಡಿದು, ಇನ್ನೊಂದನ್ನು ಮುಚ್ಚಿಟ್ಟು, ಕೊಡೆ ಹಿಡಿದು ತೋಟಕ್ಕೆ ಹೋದಳು.” ಇದು ಯಾವ ವಾಕ್ಯ? ಇಷ್ಟುದ್ದ ಇದೆಯಲ್ಲ, ನಾವೆಲ್ಲ ಸಂಯೋಜಿತ, ಮಿಶ್ರ ಅಂತ ಕೂಗಿದೆವು. “ಪೂರ್ಣ ಕ್ರಿಯಾಪದ ಎಷ್ಟಿದೆ ಎಣಿಸ್ರಪ್ಪ,” ಅಂದರು. ‘ಹೋದಳು’ ಒಂದೇ! ಎದ್ದು, ಹಚ್ಚಿ, ಕಾಸಿ ಎಲ್ಲ ಅರ್ಧಕ್ಕೇ ನಿಂತ ಕ್ರಿಯೆಗಳು. ಹಾಗಾಗಿ ಇದು ಸಾಮಾನ್ಯ ವಾಕ್ಯ. ಉದ್ದಕ್ಕೂ ವಾಕ್ಯದ ಜಾತಿಗೂ ಸಂಬಂಧವೇ ಇಲ್ಲ ಅಂತ ಇಷ್ಟು ವರ್ಷ ಕನ್ನಡ ಓದಿಯೂ ನನಗೆ ಹೊಳೆದಿರಲಿಲ್ಲ.

ಆಮೇಲೆ ಅದನ್ನೇ ಮುರಿಸಿದರು. “ಅಜ್ಜಿ ಎದ್ದಳು. ಒಲೆ ಹಚ್ಚಿದಳು. ಎರಡು ಲೋಟ ಕಾಫಿ ಕಾಸಿದಳು. ಒಂದು ಲೋಟ ಕುಡಿದಳು.” ಮೊದಲಿನದ್ದರಲ್ಲಿ ದಿನದ ಕೆಲಸ ಸಾಗುತ್ತಿತ್ತು, ಇಲ್ಲಿ ಏನೋ ಆಗಿದೆ ಅನ್ನಿಸುತ್ತದೆ. “ಎರಡು ಲೋಟ ಕಾಸಿದಳು, ಆದರೆ ಒಂದೇ ಕುಡಿದಳು,” ಇದು ಸಂಯೋಜಿತ, ಎರಡೂ ಸ್ವತಂತ್ರ ವಾಕ್ಯಗಳೇ. ಕೊನೆಗೆ ಮಿಶ್ರ ವಾಕ್ಯ, ಅಂದರೆ ಒಂದು ಮುಖ್ಯ ವಾಕ್ಯಕ್ಕೆ ಇನ್ನೊಂದು ಅಧೀನವಾಗಿರುವುದು: “ಅಜ್ಜ ಇನ್ನು ಬರುವುದಿಲ್ಲ ಎಂದು ಅಜ್ಜಿಗೆ ಗೊತ್ತಿತ್ತು.” ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಪಕ್ಕದಲ್ಲಿದ್ದ ಅಕ್ಕ ಸುಮ್ನೆ ಕನ್ನಡಕ ಒರೆಸಿಕೊಂಡರು.

ಉಪಮೆ, ರೂಪಕ ಒಂದೇ ಗಂಟೆಯಲ್ಲಿ ಓಡಿಸಿದರು, ಅದು ಸಾಲದು. ಸಂಭಾಷಣೆಗೂ ಜಾಸ್ತಿ ಸಮಯ ಬೇಕಿತ್ತು. ನಾವು ಬರೆದ ಕಥೆಗಳನ್ನು ತಿದ್ದಿ ಕೊಡುತ್ತೇವೆ ಅಂದಿದ್ದರು, ನನ್ನದು ಇನ್ನೂ ಬಂದಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಮೂರು ಮೇಷ್ಟ್ರಿಗೆ. ಸೇರುವವರು ಫೋನ್ ಮಾಡಿದಾಗಲೇ ಪಾಠ ಯಾರು ಮಾಡುತ್ತಾರೆ ಅಂತ ಕೇಳಿಕೊಳ್ಳಿ. ಹಾಸನಾಂಬೆ ಗುಡಿ ಬಾಗಿಲು ತೆಗೆಯುವ ದಿನಗಳಲ್ಲಿ ಬ್ಯಾಚ್ ಬಿದ್ದರೆ ಬೈಕ್ ಮನೆಯಲ್ಲೇ ಬಿಟ್ಟು ನಡೆದು ಹೋಗಿ, ಆ ಜನದಲ್ಲಿ ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ಪಾಠ ಅರ್ಧ ಮುಗಿದಿರುತ್ತದೆ.