ಕಾಡುಪಾಪ, ಹಾರುಬೆಕ್ಕು ನೋಡಲು ಕೆಂಪು ದೀಪದ ಹೆಡ್ ಟಾರ್ಚ್

ರಾತ್ರಿ ಪ್ರಾಣಿಗಳನ್ನು ನೋಡುವ ಹುಚ್ಚು ನನಗೆ. ಅದಕ್ಕೇ ಕೆಂಪು ದೀಪ ಇರುವ ಈ ಹೆಡ್ ಟಾರ್ಚ್ ತಗೊಂಡೆ. ಬಿಳಿ ಬೆಳಕು ಕಣ್ಣಿಗೆ ಹೊಡೆದರೆ ನಿಶಾಚರಿಗಳಿಗೆ ತುಂಬಾ ತೊಂದರೆ, ಕೆಂಪಿನಿಂದ ಅಷ್ಟಿಲ್ಲ.

ಕಾಡುಪಾಪಕ್ಕೆ, ಅಂದರೆ ಸ್ಲೆಂಡರ್ ಲೋರಿಸ್ ಎನ್ನುವ ಪುಟ್ಟ ಪ್ರಾಣಿಗೆ, ಇದು ಚೆನ್ನಾಗಿದೆ. ಪೊದೆಯಲ್ಲಿ ಎರಡು ಕೆಂಡದಂಥ ಕಣ್ಣು ಹೊಳೆಯುತ್ತವೆ. ಸುಮ್ನೆ ನಿಂತರೆ, ಸಣಕಲು ಕೈ ಚಾಚಿ ಹುಳ ಹಿಡಿಯುವುದೂ ಕಾಣುತ್ತದೆ. ಹಾರುಬೆಕ್ಕಿಗೆ, ಅಂದರೆ ಹಾರುವ ಅಳಿಲಿಗೆ, ಮಾತ್ರ ಸಾಲದು. ಅದು ಎತ್ತರದ ಮರದ ತುದಿಯಲ್ಲಿರುತ್ತದೆ, ಕೆಂಪು ಬೆಳಕು ಅಲ್ಲಿಗೆ ಮುಟ್ಟುವುದೇ ಇಲ್ಲ.

ಎರಡರ ಸ್ಥಿತಿಯೂ ಬೇರೆ. ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟೆಂದು ಹೇಳುವ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ನಮ್ಮ ದೊಡ್ಡ ಹಾರುಬೆಕ್ಕು ಸದ್ಯಕ್ಕೆ ಕಡಿಮೆ ಕಾಳಜಿಯ ಗುಂಪಿನಲ್ಲಿದೆ. ಬೂದು ಕಾಡುಪಾಪ ಅಪಾಯದ ಅಂಚಿಗೆ ಬಂದಿದೆ. ಹಾರುಬೆಕ್ಕು ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ಕಾಡುಪಾಪ ಜಿಗಿಯುವ ಪ್ರಾಣಿಯೇ ಅಲ್ಲ, ಕೊಂಬೆಯಿಂದ ಕೊಂಬೆಗೆ ಕೈ ಹಿಡಿದೇ ದಾಟಬೇಕು. ರಸ್ತೆಗೆಂದು ಸಾಲುಮರ ಕಡಿದರೆ ಅದರ ದಾರಿಯೇ ಮುಗಿಯಿತು. ಜೊತೆಗೆ ಮಾಟ, ಮಂತ್ರ ಅಂತ ಹಿಡಿಯುವವರ ಕಾಟ ಬೇರೆ. ಕಾಡುಪಾಪ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಕೊಡುವ 1ನೇ ಅನುಸೂಚಿಯಲ್ಲಿದ್ದರೂ ಈ ಕಾಟ ನಿಂತಿಲ್ಲ, ನನಗೆ ಹೊಟ್ಟೆ ಉರಿಯುತ್ತದೆ. 2022ರಲ್ಲಿ ತಮಿಳುನಾಡು ಕಡವೂರಿನಲ್ಲಿ ಕಾಡುಪಾಪಕ್ಕೆಂದೇ ಅಭಯಾರಣ್ಯ ಮಾಡಿತು, ದೇಶದಲ್ಲೇ ಮೊದಲನೆಯದು. ನಮ್ಮಲ್ಲೂ ಬೇಕು, ಅಲ್ವಾ?

ಟಾರ್ಚ್‌ನ ದೊಡ್ಡ ತಪ್ಪು ಸ್ವಿಚ್‌ದು. ಒತ್ತಿದರೆ ಮೊದಲು ಬಿಳಿ, ಆಮೇಲೆ ಕೆಂಪು. ಕಾಡುಪಾಪದ ಹತ್ತಿರ ಹಾಗೆ ಹೊತ್ತಿಸಬೇಡಿ. ದೂರದಲ್ಲೇ ನೆಲಕ್ಕೆ ಹಿಡಿದು ಕೆಂಪಿಗೆ ತಂದುಕೊಳ್ಳಿ. ಬ್ಯಾಟರಿ, ಪಟ್ಟಿ ಎರಡೂ ಪರವಾಗಿಲ್ಲ. ಕಾಡುಪಾಪಕ್ಕಾದರೆ ತಗೊಳ್ಳಿ, ಬರೀ ಹಾರುಬೆಕ್ಕಿಗಾದರೆ ಬೇಡ.