ಕಾರಿನ ಜಿಪಿಎಸ್‌ಗೆ ಕರೆಂಟ್: ಲೈಟರ್ ಸಾಕೆಟ್ಟೋ, ಫ್ಯೂಸ್ ಬಾಕ್ಸೋ?

ಒಂದೇ ಜಿಪಿಎಸ್ಸನ್ನು ಎರಡು ಗಾಡಿಗಳಲ್ಲಿ ಬಳಸುವವರಿಗೆ ಲೈಟರ್ ಸಾಕೆಟ್ಟೇ ಸರಿ. 5 ವೋಲ್ಟ್‌ನಲ್ಲಿ 2 ಆಂಪಿಯರ್ ಕೊಡುವ ಅಡಾಪ್ಟರ್ ಹಾಕಿ. ಅರ್ಧ ಆಂಪಿಯರ್‌ನದಾದರೆ ಚಾರ್ಜಿಗೆ ಹಾಕಿದ್ದರೂ ಬ್ಯಾಟರಿ ಇಳಿಯುತ್ತಲೇ ಹೋಗಬಹುದು. ಕೇಬಲ್ ಮಾತ್ರ ಜೊತೆಗೆ ಬಂದದ್ದೇ ಇರಲಿ. ಗಾರ್ಮಿನ್ ಕಂಪನಿಯ ಹಳೆಯ ನೂವಿ ಜಿಪಿಎಸ್‌ಗಳಿಗೆ ಸಾದಾ ಯುಎಸ್‌ಬಿ ಕೇಬಲ್ ಚುಚ್ಚಿದರೆ ನಕ್ಷೆ ಹೋಗಿ ಕಂಪ್ಯೂಟರ್ ಚಿತ್ರ ಬಂದು ಕೂರುತ್ತದೆ! ಹೊಂಡದ ರಸ್ತೆಯಲ್ಲಿ ಪ್ಲಗ್ ಸಡಿಲವಾಗುವುದೂ ಉಂಟು.

ದಿನವೂ ಅದೇ ಕಾರಾದರೆ ಫ್ಯೂಸ್ ಬಾಕ್ಸಿನಿಂದ ವೈರ್ ಎಳೆಸುವುದೇ ಮೇಲು. ಮಲ್ಟಿಮೀಟರ್ ಹಿಡಿದು, ಕೀ ತೆಗೆದಾಗ 0, ಎಸಿಸಿಗೆ (ಎಂಜಿನ್ ಸ್ಟಾರ್ಟ್ ಮಾಡದೆ ರೇಡಿಯೋ ಮುಂತಾದವಕ್ಕೆ ಕರೆಂಟ್ ಕೊಡುವ ಕೀ ಸ್ಥಾನ) ತಿರುಗಿಸಿದಾಗ ಸುಮಾರು 12 ವೋಲ್ಟ್ ತೋರುವ ಫ್ಯೂಸ್ ಹುಡುಕಿ. ಸದಾ ಕರೆಂಟಿರುವ ಕಡೆ ಕೊಟ್ಟರೆ, ವಾರಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದಿರಬಹುದು. ಟ್ಯಾಪಿಗೆ (ಫ್ಯೂಸಿನ ಜಾಗದಲ್ಲಿ ಚುಚ್ಚಿ ವೈರ್ ತೆಗೆಯುವ ತುಂಡು) ಪ್ರತ್ಯೇಕ 2 ಆಂಪಿಯರ್ ಫ್ಯೂಸ್, ಮುಂದೆ 12 ವೋಲ್ಟನ್ನು 5ಕ್ಕೆ ಇಳಿಸುವ ಕನ್ವರ್ಟರ್. ಅರ್ತ್ ವೈರ್ ಪೇಂಟಿಲ್ಲದ ಬೋಲ್ಟಿಗೆ. ಏರ್‌ಬ್ಯಾಗ್ ಫ್ಯೂಸ್ ಮುಟ್ಟಲೇಬೇಡಿ.